ಸುಪೀರಿಯರ್ ತೀರದಲ್ಲಿ ಒಂದು ವಾರದ ಮನೆ

ಚಿರಂಜೀವಿ ಸೌಭಾಗ್ಯವತಿಗೆ,

ಬರುವ ಬೇಸಗೆಯಲ್ಲಿ ನಿನ್ನ ಅತ್ತೆಮಾವಂದಿರು ಮೈಸೂರಿನಿಂದ ಮಿನಿಯಾಪೊಲಿಸ್ಸಿಗೆ ಬರುವರೆಂದೂ, ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಸುಪೀರಿಯರ್ ಸರೋವರದ ದಕ್ಷಿಣ ತೀರದಲ್ಲಿರುವ ಬೇಫೀಲ್ಡ್ ಎಂಬ ಬಂದರಿನ ಊರಿನಲ್ಲಿ ವಾರದ ಮಟ್ಟಿಗೆ ಒಂದು ಮನೆಯನ್ನು ಬಾಡಿಗೆಗೆ ಹಿಡಿಯಬೇಕೆಂದಿರುವೆಯೆಂದೂ ತಿಳಿದು ಸಂತೋಷವಾಯಿತು. ಆ ಸೀಮೆಯಲ್ಲಿ ಬಹುಕಾಲ ಇದ್ದವನಾದುದರಿಂದ ಈ ವಿಷಯದಲ್ಲಿ ನನಗೆ ಹೇಳಬೇಕೆನಿಸಿದ ಮಾತುಗಳು ಕೆಲವುಂಟು. ನಿನ್ನಂತೆಯೇ ಹಿರಿಯರನ್ನು ಊರಿನಿಂದ ಕರೆಸಿಕೊಂಡು ಅವರಿಗೆ ಅಮೆರಿಕದ ಚೆಲುವನ್ನು ತೋರಿಸಬೇಕೆಂದು ಹಂಬಲಿಸುವ ಕನ್ನಡದ ಮಕ್ಕಳು ಅಲ್ಲಿ ಅನೇಕರಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೀನು ಕಳುಹಿಸಿದ ಕಾರ್ಯಕ್ರಮದ ಪಟ್ಟಿಯನ್ನು ಓದಿದೆ. ಸೋಮವಾರ ದ್ವೀಪಯಾತ್ರೆ, ಮಂಗಳವಾರ ಗುಹೆಗಳು, ಬುಧವಾರ ದೀಪಸ್ತಂಭ, ಹೀಗೆ ಪ್ರತಿಯೊಂದು ದಿನವನ್ನೂ ಬೆಳಗಿನಿಂದ ಸಂಜೆಯವರೆಗೆ ತುಂಬಿಸಿಬಿಟ್ಟಿರುವೆ. ಬೇರೆ ಊರಿಗಾದರೆ ಇದು ಸಲ್ಲಬಹುದು. ಆ ಊರಿಗೆ ಸಲ್ಲದು. ಅಲ್ಲಿ ದಿನಚರಿಯನ್ನು ನಿರ್ಣಯಿಸತಕ್ಕ ಅಧಿಕಾರವಿರುವುದು ಗಾಳಿಗೆ. ಸರೋವರವೆಂಬ ಹೆಸರನ್ನು ಕೇಳಿ ನಮ್ಮ ಹಿರಿಯರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಪ್ರಶಾಂತವಾದ ಜಲಾಶಯವಲ್ಲ ಅದು. ಸುಮಾರು 82,000 ಚದರ ಕಿಲೋಮೀಟರುಗಳಷ್ಟು, ಎಂದರೆ ನಮ್ಮ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು, ಹರಡಿಕೊಂಡಿರುವ, 406 ಮೀಟರುಗಳವರೆಗೆ ಆಳವಿರುವ ಸಿಹಿನೀರಿನ ಸಮುದ್ರ. 1975ರ ನವೆಂಬರ್ 10ರ ರಾತ್ರಿ ಅದರ ಬಿರುಗಾಳಿಗೆ ಸಿಕ್ಕಿ ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’ ಎಂಬ, 222 ಮೀಟರ್ ಉದ್ದದ ಅದಿರಿನ ಹಡಗು, ತನ್ನಲ್ಲಿದ್ದ 29 ಮಂದಿಯೊಡನೆ ಮುಳುಗಿಹೋಯಿತು. ಬೇಸಗೆಯಲ್ಲಿ ಅಂಥ ರೌದ್ರವೇನೂ ಸಾಮಾನ್ಯವಾಗಿ ಕಾಣದು; ಆದರೆ ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದೊಳಗೆ ಅಲೆಗಳೆದ್ದು ಕೆರಳುವುದೂ, ಜೂನ್ ತಿಂಗಳಿನಲ್ಲಿ ಮಂಜು ಕವಿದು ಎದುರಿನ ದ್ವೀಪವೇ ಮರೆಯಾಗುವುದೂ, ಗಾಳಿಯ ಕಾರಣದಿಂದ ವಿಹಾರದ ದೋಣಿಗಳ ಯಾನ ರದ್ದಾಗುವುದೂ ಅಲ್ಲಿಯವರಿಗೆ ನಿತ್ಯದ ಸಂಗತಿಗಳು.

ಆದಕಾರಣ ನನ್ನ ಸಲಹೆಯೇನೆಂದರೆ, ಏಳು ದಿನಗಳಲ್ಲಿ ನೀರಿನ ಮೇಲಿನ ಕಾರ್ಯಕ್ರಮಗಳು ಎರಡಕ್ಕಿಂತ ಹೆಚ್ಚು ಬೇಡ, ಮತ್ತು ಆ ಎರಡನ್ನೂ ವಾರದ ಆರಂಭದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಸೋಮವಾರ ತಪ್ಪಿದ ಯಾನವನ್ನು ಗುರುವಾರಕ್ಕೆ ಮುಂದೂಡಬಹುದು. ಶುಕ್ರವಾರ ತಪ್ಪಿದ್ದು ತಪ್ಪಿಯೇ ಹೋಗುತ್ತದೆ. ಉಳಿದ ದಿನಗಳನ್ನು ಬರಿದಾಗಿ ಬಿಡು. ಹೋಟೆಲಿನ ಕೋಣೆಯನ್ನು ಬಿಟ್ಟು ಮನೆಯನ್ನೇ ಬಾಡಿಗೆಗೆ ಹಿಡಿಯುವುದರ ಸಾರ್ಥಕ್ಯವಿರುವುದು ಇಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಗಾಳಿ ಇಳಿಯುವವರೆಗೆ, ಮಂಜು ಕರಗುವವರೆಗೆ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಸಂತೋಷದಿಂದ ಕಾಯಬಹುದಾದ ಸ್ಥಳವೊಂದು ಬೇಕು. ಹೋಟೆಲಿನ ಕೋಣೆಯಲ್ಲಿ ಕಾಯುವುದು ಸೆರೆವಾಸವಾಗುತ್ತದೆ, ಮನೆಯಲ್ಲಿ ಕಾಯುವುದು ಸಂಸಾರವಾಗುತ್ತದೆ. ಮನೆಯನ್ನು ಆರಿಸುವಾಗ ಈ ಒಂದು ಪ್ರಶ್ನೆಯನ್ನು ಮೊದಲು ಕೇಳಿಕೋ: ಹೊರಗೆ ಹೊರಡಲಾಗದ ದಿನ ಈ ಮನೆಯಲ್ಲಿ ನಾವು ಹೇಗಿರುತ್ತೇವೆ? ಎಲ್ಲರೂ ಏಕಕಾಲದಲ್ಲಿ ಕುಳಿತು ಉಣ್ಣಬಹುದಾದ ಮೇಜು, ಬೆಳಕು ಬರುವ ಜಗಲಿ, ಮಳೆಯಲ್ಲಿಯೂ ನೀರನ್ನು ನೋಡುತ್ತ ಕೂರಬಹುದಾದ ಕಿಟಕಿ, ಇವು ಬಿಸಿನೀರಿನ ತೊಟ್ಟಿ, ದೊಡ್ಡ ಟೀವಿಗಳಿಗಿಂತ ಮಿಗಿಲಾದ ಸೌಕರ್ಯಗಳು.

ಜಾಹೀರಾತಿನ ಚಿತ್ರಗಳನ್ನು ನೋಡುವಾಗ ಪಕ್ಕದಲ್ಲಿ ಊರಿನ ನಕ್ಷೆಯನ್ನು ಇಟ್ಟುಕೋ. ಬೇಫೀಲ್ಡ್ ಪೂರ್ವಾಭಿಮುಖವಾದ ಊರು. ಅಲ್ಲಿ ಸೂರ್ಯನು ನೀರಿನ ಕಡೆಯಿಂದ ಉದಯಿಸಿ ಬೆನ್ನ ಹಿಂದಿನ ಗುಡ್ಡದಲ್ಲಿ ಅಸ್ತಮಿಸುತ್ತಾನೆ. ಸರೋವರದ ಮೇಲಿನ ಸೂರ್ಯಾಸ್ತವೇ ಬೇಕಾದರೆ ಊರಿರುವ ಪರ್ಯಾಯದ್ವೀಪವನ್ನು ಬಳಸಿಕೊಂಡು ಅದರ ಉತ್ತರ ತೀರದ ಕಾರ್ನುಕೋಪಿಯಾ ಎಂಬ ಊರಿನ ಕಡೆಗೆ ಹೋಗಬೇಕಾಗುವುದು. ಹಾಗೆಯೇ ‘ಬಂದರಿಗೆ ನಡಿಗೆಯ ದೂರ’ ಎಂದು ಬರೆದಿದ್ದರೆ ಆ ನಡಿಗೆ ಎಂಥದೆಂಬುದನ್ನು ವಿಚಾರಿಸತಕ್ಕದ್ದು. ಊರು ಕಡಿದಾದ ಇಳಿಜಾರಿನಲ್ಲಿ ಕಟ್ಟಿದ್ದು. ಬೆಳಿಗ್ಗೆ ನಿನ್ನ ಮಾವನವರು ಕೈಬೀಸಿಕೊಂಡು ಇಳಿದುಹೋಗುವ ಬೀದಿಯನ್ನು ಸಂಜೆ ಮಂಡಿನೋವಿನೊಡನೆ ಹತ್ತಬೇಕಾಗುತ್ತದೆ. ಹಳೆಯ ಕಾಲದ ಚೆಲುವಾದ ಮನೆಗಳಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿದ್ದು, ಸ್ನಾನದ ಮನೆಯೂ ಮೇಲೆಯೇ ಇರುವುದುಂಟು. ಕೆಳಗೊಂದು ಮಲಗುವ ಕೋಣೆ, ಅದರ ಪಕ್ಕದಲ್ಲಿ ಶೌಚಾಲಯ, ಬಾಗಿಲಿನ ಮುಂದಿರುವ ಮೆಟ್ಟಿಲುಗಳ ಸಂಖ್ಯೆ, ಈ ಮೂರನ್ನು ಮನೆಯೊಡೆಯರನ್ನು ಕೇಳಿ ಲಿಖಿತವಾಗಿ ಉತ್ತರ ಪಡೆದುಕೋ. ಉತ್ತರ ಕೊಡಲು ಬೇಸರಪಡುವವರ ಮನೆಯನ್ನು ಬಿಟ್ಟುಬಿಡುವುದೇ ಲೇಸು.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಂದು ರಾತ್ರಿಗೆ ಇಷ್ಟು ಎಂದು ತೋರಿಸುವ ಮೊತ್ತವನ್ನು ನಂಬಿ ಎರಡು ಮನೆಗಳನ್ನು ಹೋಲಿಸಬೇಡ. ಶುಚಿಗೊಳಿಸುವ ಶುಲ್ಕ, ಬುಕಿಂಗ್ ಶುಲ್ಕ, ತೆರಿಗೆ ಎಲ್ಲವನ್ನೂ ಕೂಡಿಸಿದ ಕೊನೆಯ ಮೊತ್ತವನ್ನೇ ಹೋಲಿಸತಕ್ಕದ್ದು. ಬೇಫೀಲ್ಡ್ ಇರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರವಾಸಿಗರಿಗೆ ಮನೆ ಕೊಡುವವರು ಲೈಸೆನ್ಸ್ ಪಡೆದಿರಬೇಕೆಂಬ ನಿಯಮವಿದೆ. ಅದನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮುಂಗಡವನ್ನು ಗಿಫ್ಟ್ ಕಾರ್ಡಿನಲ್ಲಿ ಅಥವಾ ಅಪರಿಚಿತರ ಬ್ಯಾಂಕ್ ಖಾತೆಗೆ ನೇರವಾಗಿ ಕಳುಹಿಸೆಂದು ಹೇಳುವವರೊಡನೆ ಮಾತನ್ನೇ ಮುಂದುವರಿಸಬಾರದು. ವಯಸ್ಸಾದವರು ದೂರದೇಶದಿಂದ ಬರುವಾಗ ವೀಸಾ, ಆರೋಗ್ಯ, ವಿಮಾನ ಯಾವುದರಿಂದಲಾದರೂ ದಿನಾಂಕ ಬದಲಾಗಬಹುದಾದುದರಿಂದ, ರದ್ದುಮಾಡಿದರೆ ಹಣ ಹಿಂದಿರುಗುವ ಕರಾರಿರುವ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅಡುಗೆಮನೆಯ ಬಗ್ಗೆ ಮಾತ್ರ ವಿಸ್ತಾರವಾಗಿ ಬರೆಯಲೇಬೇಕು. ನಿನ್ನ ಅತ್ತೆಯವರ ನೆಮ್ಮದಿ ಅಲ್ಲಿರುತ್ತದೆ. ಊರಿನಲ್ಲಿ ಊಟದ ಖ್ಯಾತಿಯೆಲ್ಲ ಸರೋವರದ ಮೀನಿನದು. ಸಸ್ಯಾಹಾರಿಗಳು ಮನೆಯ ಅಡುಗೆಯನ್ನೇ ಆಶ್ರಯಿಸಬೇಕು. ಬೇಳೆ, ಹುಣಸೆಹಣ್ಣು, ಸಾರಿನಪುಡಿ, ಕುಕ್ಕರ್, ಒಗ್ಗರಣೆ ಸೌಟು, ಕಾಫಿಪುಡಿ, ಫಿಲ್ಟರು ಇವನ್ನೆಲ್ಲ ಕಾರಿನಲ್ಲಿಯೇ ಕೊಂಡೊಯ್ಯುವುದು ಉತ್ತಮ. ಅಲ್ಲಿನ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಎಷ್ಟೋ ವೇಳೆ ಹೊಗೆಯನ್ನು ಹೊರಕ್ಕೆ ತಳ್ಳದೆ ಕೋಣೆಯೊಳಕ್ಕೇ ತಿರುಗಿಸುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಹೊಗೆಯ ಅಲಾರಂ ಕಿರುಚಿಕೊಂಡರೆ ಪರದೇಶದಲ್ಲಿ ಹಿರಿಯ ಜೀವಗಳು ಗಾಬರಿಯಾಗುತ್ತವೆ. ಕಿಟಕಿಗಳನ್ನು ತೆರೆದು, ಎಣ್ಣೆಯನ್ನು ಹದವಾಗಿ ಕಾಯಿಸಿ ಒಗ್ಗರಿಸುವಂತೆ ಅತ್ತೆಯವರಿಗೆ ಮೊದಲ ದಿನವೇ ವಿನಯದಿಂದ ತಿಳಿಸು; ಅಲಾರಮನ್ನು ಕಳಚಿಡುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಕೂಡದು. ಊರ ಹೊರಗಿನ ಮನೆಗಳಲ್ಲಿ ಕೊಳಚೆನೀರು ಅಂಗಳದಲ್ಲಿ ಹೂಳಿದ ಸೆಪ್ಟಿಕ್ ಟ್ಯಾಂಕಿಗೆ ಹೋಗುವುದರಿಂದ, ಜಿಡ್ಡನ್ನೂ ಅನ್ನದ ಮುಸುರೆಯನ್ನೂ ಸಿಂಕಿಗೆ ಸುರಿಯದಿರುವುದು ಬಾಡಿಗೆದಾರರ ಧರ್ಮ. ಊರ ಹಿಂದಿನ ಗುಡ್ಡದ ಮೇಲೆ ಹಣ್ಣಿನ ತೋಟಗಳಿವೆ. ಸರೋವರದ ತಂಪು ವಸಂತವನ್ನು ತಡಮಾಡಿ, ಹೂಗಳು ಹಿಮದ ಹೊಡೆತಕ್ಕೆ ಸಿಗದಂತೆ ಕಾಪಾಡುವುದರಿಂದಲೇ ಅಷ್ಟು ಉತ್ತರದಲ್ಲಿಯೂ ಅಲ್ಲಿ ಹಣ್ಣು ಬೆಳೆಯುವುದು ಸಾಧ್ಯವಾಗಿದೆ. ಜುಲೈಯಲ್ಲಿ ಸ್ಟ್ರಾಬೆರಿ, ಆಗಸ್ಟಿನಲ್ಲಿ ಬ್ಲೂಬೆರಿ, ಶರತ್ಕಾಲದಲ್ಲಿ ಸೇಬು. ಬುಟ್ಟಿ ಹಿಡಿದು ತಾವೇ ಕೀಳಬಹುದಾದ ತೋಟಗಳಲ್ಲಿ ಮೊಮ್ಮಕ್ಕಳೂ ಅಜ್ಜಿತಾತಂದಿರೂ ಅರ್ಧ ದಿನವನ್ನು ಕಳೆದರೆ, ದೋಣಿ ಹೊರಡದ ದಿನದ ಕೊರತೆ ಯಾರಿಗೂ ತೋರದು.

ಇನ್ನು ನೀರಿನ ವಿಚಾರ. ಎದುರಿಗಿರುವ ಮ್ಯಾಡಲೀನ್ ದ್ವೀಪಕ್ಕೆ ಫೆರಿಯಲ್ಲಿ ಹೋಗುವುದು ಅರ್ಧ ಗಂಟೆಗೂ ಕಡಿಮೆಯ ಪಯಣ. ಹಿರಿಯರಿಗೆ ಇದೇ ಅತ್ಯಂತ ಯೋಗ್ಯವಾದದ್ದು. ಕೊನೆಯ ಫೆರಿ ಹೊರಡುವ ವೇಳೆಯನ್ನು ಇಳಿದ ಕೂಡಲೇ ಗುರುತು ಹಾಕಿಕೊಳ್ಳಬೇಕು. ಅಳಿಯಂದಿರು ಕಯಾಕ್ ಏರಿ ಮೈಯರ್ಸ್ ಬೀಚಿನ ಬಳಿಯ ಮರಳುಗಲ್ಲಿನ ಗುಹೆಗಳನ್ನು ನೋಡಬೇಕೆಂದಿರುವರಂತೆ. ಅವರ ಉತ್ಸಾಹವನ್ನು ನಾನು ತಡೆಯುವುದಿಲ್ಲ. ಆದರೆ ಮಾರ್ಗದರ್ಶಕರಿಲ್ಲದೆ ಹೋಗಕೂಡದೆಂದು ಕಟ್ಟಪ್ಪಣೆಯಾಗಿ ಹೇಳುತ್ತೇನೆ. ಉತ್ತರದ ಗಾಳಿ ಎದ್ದರೆ ಅಲೆಗಳು ಬಂಡೆಗೆ ಬಡಿದು ಹಿಂದಿರುಗಿ, ಮುಂದೆ ಬರುವ ಅಲೆಗಳೊಡನೆ ಡಿಕ್ಕಿಯಾಗಿ, ದೋಣಿಯನ್ನು ಎರಡು ಕಡೆಯಿಂದಲೂ ಎತ್ತಿಹಾಕುತ್ತವೆ. ಬಂಡೆಯ ಉದ್ದಕ್ಕೂ ದಡ ಸೇರುವ ಸ್ಥಳವಿಲ್ಲ. ನಡುಬೇಸಗೆಯಲ್ಲಿಯೂ ಆ ನೀರಿನ ಚಳಿ ಬಲವಾದ ಈಜುಗಾರನ ತೋಳುಗಳನ್ನು ಅಲ್ಪಕಾಲದಲ್ಲಿ ನಿಶ್ಚೇಷ್ಟಿತಗೊಳಿಸಬಲ್ಲದು. ಇದು ಹೆದರಿಸಲು ಹೇಳುವ ಮಾತಲ್ಲ, ನಿಮ್ಮ ಮೇಲಿನ ಪ್ರೀತಿಯಿಂದ ಹೇಳುವುದು. ಇದೇ ಗುಹೆಗಳು 2014ರ ಚಳಿಗಾಲದಲ್ಲಿ ಹಿಮಸ್ತಂಭಗಳಿಂದ ಅಲಂಕೃತವಾದಾಗ, ಹೆಪ್ಪುಗಟ್ಟಿದ ಸರೋವರದ ಮೇಲೆ ಲಕ್ಷಕ್ಕೂ ಮಿಕ್ಕಿದ ಜನರು ನಡೆದುಹೋಗಿ ನೋಡಿದರು. ಆದರೆ ಪ್ರತಿವರ್ಷವೂ ಹಾಗೆ ಹೆಪ್ಪುಗಟ್ಟುವುದಿಲ್ಲ. ಆ ಆಸೆಯಿಂದ ಚಳಿಗಾಲಕ್ಕೆ ಮುಂಚಿತವಾಗಿ ಮನೆ ಕಾದಿರಿಸುವುದು ವ್ಯರ್ಥ.

ಊರನ್ನು ಕುರಿತು ನೀನು ಪಟ್ಟಿಯಲ್ಲಿ ಏನನ್ನೂ ಬರೆದಿಲ್ಲ. 1856ರಲ್ಲಿ ಸ್ಥಾಪಿತವಾದ ಆ ಊರಿನ ನಿವಾಸಿಗಳು 2020ರ ಜನಗಣತಿಯ ಪ್ರಕಾರ ಆರುನೂರಕ್ಕೂ ಕಡಿಮೆ. ಮೀನು ಹಿಡಿಯುವವರು, ತೋಟದವರು, ಫೆರಿಯವರು, ಶಾಲೆಯವರು ಬದುಕುತ್ತಿರುವ ಅಷ್ಟು ಸಣ್ಣ ಊರಿನಲ್ಲಿ ಒಂದೊಂದು ಮನೆ ಪ್ರವಾಸಿಗರ ಪಾಲಾದಾಗಲೂ ಒಂದು ಕುಟುಂಬದ ವಾಸಸ್ಥಾನ ಕಡಿಮೆಯಾಗುವುದೆಂಬುದನ್ನು ನಾವು ಮರೆಯಬಾರದು. ಆದ್ದರಿಂದ ಒಡೆಯರೇ ಊರಿನಲ್ಲಿದ್ದು ನೋಡಿಕೊಳ್ಳುವ ಮನೆ ಸಿಕ್ಕಿದರೆ ಅದನ್ನೇ ಹಿಡಿ. ರಾತ್ರಿ ಅಂಗಳದಲ್ಲಿ ಕುಳಿತಾಗ ನಮ್ಮವರ ಮಾತಿನ ಧ್ವನಿ ನೀರಿನ ಮೇಲೆ ಬಹುದೂರ ಹೋಗುತ್ತದೆ. ನೆರೆಯವರು ಬೆಳಗಿನ ಜಾವ ದೋಣಿ ಹತ್ತಬೇಕಾದವರಿರಬಹುದು.

ಊರಿನ ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿ ಓಜಿಬ್ವೆ ಎಂಬ ಮೂಲನಿವಾಸಿ ಜನರ ರೆಡ್ ಕ್ಲಿಫ್ ನೆಲೆಯಿದೆ. ಮ್ಯಾಡಲೀನ್ ದ್ವೀಪ ಆ ಜನಾಂಗಕ್ಕೆ ಪುಣ್ಯಭೂಮಿ. 1854ರಲ್ಲಿ ಆ ದ್ವೀಪದ ಲಾ ಪಾಯಿಂಟಿನಲ್ಲಿ ಆದ ಒಪ್ಪಂದದಿಂದ ಅವರು ವಿಶಾಲವಾದ ಭೂಮಿಯನ್ನು ಬಿಟ್ಟುಕೊಟ್ಟು, ರೆಡ್ ಕ್ಲಿಫ್, ಬ್ಯಾಡ್ ರಿವರ್ ಮೊದಲಾದ ನೆಲೆಗಳನ್ನು ಉಳಿಸಿಕೊಂಡರು. ಮಕ್ಕಳು ಫೆರಿಯಿಂದ ಇಳಿಯುವ ಮೊದಲು ನೀನು ಅವರಿಗೆ ಇಷ್ಟನ್ನು ಹೇಳಿರಬೇಕೆಂದು ನನ್ನ ಆಸೆ. 1970ರಲ್ಲಿ ಆ ತೀರದ ಅಪಾಸಲ್ ದ್ವೀಪಗಳು ರಾಷ್ಟ್ರೀಯ ತೀರಪ್ರದೇಶವಾಗಿ ರಕ್ಷಿತವಾಗಲು ಶ್ರಮಿಸಿದ ಸೆನೆಟರ್ ಗೇಲಾರ್ಡ್ ನೆಲ್ಸನ್ನರ ಹೆಸರನ್ನೂ ಹೇಳು. ಅದೇ ವರ್ಷ ಭೂಮಿದಿನವನ್ನು ಆರಂಭಿಸಿದವರೂ ಅವರೇ. ಊರಿನೊಳಗೆ 1883ರಲ್ಲಿ ಕಂದುಕಲ್ಲಿನಿಂದ ಕಟ್ಟಿದ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಆ ರಾಷ್ಟ್ರೀಯ ತೀರಪ್ರದೇಶದ ಕಚೇರಿಯಿದೆ. ಮೊದಲ ದಿನ ಅಲ್ಲಿಗೆ ಹೋಗಿ ಗಾಳಿಯ ಮುನ್ಸೂಚನೆಯನ್ನು ವಿಚಾರಿಸಿ, ಆಮೇಲೆ ಯಾವ ದಿನ ದೋಣಿ, ಯಾವ ದಿನ ತೋಟ ಎಂಬುದನ್ನು ನಿಶ್ಚಯಿಸಿಕೊಳ್ಳಿ.

ಮಾವನವರ ಔಷಧಿಗಳನ್ನು ಹತ್ತು ದಿನಗಳಿಗೆ ಸಾಕಾಗುವಷ್ಟು ಜೊತೆಯಲ್ಲಿಟ್ಟುಕೋ. ಆಸ್ಪತ್ರೆಯಿರುವುದು ಆಶ್‌ಲ್ಯಾಂಡಿನಲ್ಲಿ, ಕಾರಿನಲ್ಲಿ ಅರ್ಧ ಗಂಟೆಯ ಆಚೆ. ಜುಲೈಯಲ್ಲಿಯೂ ಸಂಜೆಗೆ ಸ್ವೆಟರ್ ಬೇಕಾಗುತ್ತದೆ. ದಕ್ಷಿಣದ ಗಾಳಿ ಬೀಸಿದ ದಿನ ಮರಳಿನ ತೀರದಲ್ಲಿ ಕಚ್ಚುವ ನೊಣಗಳಿರುತ್ತವೆ, ಕಾಲು ಮುಚ್ಚುವ ಬಟ್ಟೆ ಇರಲಿ. ನೀನು ಆರಿಸಿದ ಮನೆಗಳ ವಿವರಗಳನ್ನು ಮುಂಗಡ ಕೊಡುವ ಮೊದಲು ನನಗೆ ಕಳುಹಿಸು. ಮೆಟ್ಟಿಲುಗಳ ವಿಷಯ ಮಾತ್ರ ಕೇಳುವುದನ್ನು ಮರೆಯಬೇಡ. 

ಇಂತು,
ನಿನ್ನ ದೊಡ್ಡಪ್ಪ