ದತ್ತಸಂಚಯದ ವರದಿಗಳಲ್ಲಿ ತಲೆದೋರುವ ದೋಷಗಳೂ ಅವುಗಳ ಪರಿಹಾರವೂ

ಶಾಲೆಯ ದಾಖಲೆ ಪುಸ್ತಕಗಳ ಕಾರ್ಯವನ್ನು ಇಂದು ಬಹುಮಟ್ಟಿಗೆ ಗಣಕಯಂತ್ರವು ವಹಿಸಿಕೊಂಡಿದೆ. ಕೇರಳದ ಶಾಲೆಗಳಲ್ಲಿ ಮಕ್ಕಳ ವಿವರಗಳನ್ನು ‘ಸಂಪೂರ್ಣ’ ಎಂಬ ತಂತ್ರಾಂಶದಲ್ಲಿ ದಾಖಲಿಸುವರು. ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನದಂದು ಇರುವ ಮಕ್ಕಳ ಸಂಖ್ಯೆಯನ್ನನುಸರಿಸಿ ಅಧ್ಯಾಪಕರ ಹುದ್ದೆಗಳು ನಿರ್ಧಾರವಾಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಅಲ್ಪವಾಗಿರುವೆಡೆ ಒಂದೆರಡು ಹೆಸರುಗಳು ಬಿಟ್ಟುಹೋದರೂ ಹುದ್ದೆಯೊಂದಕ್ಕೆ ಸಂಚಕಾರ ಬರಬಹುದು. ಆದುದರಿಂದ ಇಂತಹ ವರದಿಗಳನ್ನು ಸಿದ್ಧಪಡಿಸುವಾಗ ಸಂಭವಿಸುವ ದೋಷಗಳನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರಿಸೋಣ.

ವಿವರಗಳನ್ನು ಬೇರೆ ಬೇರೆ ಕೋಷ್ಟಕಗಳಲ್ಲಿರಿಸಿ, ಬೇಕಾದಾಗ ಸಂಬಂಧ ಕಲ್ಪಿಸಿ ಓದುವ ಪದ್ಧತಿಯನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ಪ್ರತಿಪಾದಿಸಿದನು. ಲಿಬ್ರೆ ಆಫೀಸ್ ಬೇಸ್ ಮೊದಲಾದ ತಂತ್ರಾಂಶಗಳು ಈ ತತ್ತ್ವವನ್ನೇ ಅವಲಂಬಿಸಿವೆ. ವರದಿಯ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ಕೋಷ್ಟಕಗಳನ್ನು ಜೋಡಿಸುವ ಈ ಸಂಧಿಸ್ಥಾನದಲ್ಲಿಯೇ.

ಮೊದಲನೆಯದು, ಹೆಸರುಗಳು ಮಾಯವಾಗುವುದು. ಒಂದು ತರಗತಿಯಲ್ಲಿ 40 ಮಕ್ಕಳಿದ್ದು, ಅವರಲ್ಲಿ 3 ಮಂದಿಗೆ ವಿದ್ಯಾರ್ಥಿವೇತನ ಬಂದಿಲ್ಲವೆಂದು ಭಾವಿಸೋಣ. ಎರಡೂ ಕೋಷ್ಟಕಗಳಲ್ಲಿರುವವರನ್ನು ಮಾತ್ರ ಆರಿಸುವ ‘ಇನ್ನರ್ ಜಾಯಿನ್’ ಕ್ರಮದಿಂದ 37 ಹೆಸರುಗಳಷ್ಟೇ ದೊರೆಯುವುವು. ಯಾರಿಗೆ ನೆರವು ತಲುಪಬೇಕಾಗಿತ್ತೋ ಅವರೇ ಪಟ್ಟಿಯಿಂದ ಹೊರಗುಳಿಯುವರು! ವಿದ್ಯಾರ್ಥಿಗಳ ಕೋಷ್ಟಕವನ್ನು ಎಡಗಡೆಗಿರಿಸಿ ‘ಲೆಫ್ಟ್ ಜಾಯಿನ್’ ಮಾಡುವುದೇ ಇದಕ್ಕೆ ಪರಿಹಾರ. ಆದರೆ ಆಮೇಲೆ ವೇತನ ಕೊಟ್ಟ ವರ್ಷದ ನಿಬಂಧನೆಯನ್ನು ಇಡೀ ಪಟ್ಟಿಗೆ ಹಾಕಿದರೆ ಆ ಮೂವರು ಮತ್ತೆ ಮರೆಯಾಗುವರು. ಆ ನಿಬಂಧನೆಯನ್ನು ಜೋಡಣೆಯ ಸ್ಥಳದಲ್ಲಿಯೇ ಇರಿಸತಕ್ಕದ್ದು.

ಎರಡನೆಯದು, ಎಣಿಕೆ ಹಿಗ್ಗುವುದು. ವೇತನ ಪಡೆದವರಲ್ಲಿ 5 ಮಂದಿಗೆ ಹಣ ಎರಡು ಕಂತುಗಳಲ್ಲಿ ಸಂದಿದ್ದರೆ ಅವರ ಹೆಸರು ಎರಡೆರಡು ಸಲ ಬಂದು 40ರ ಬದಲು 45 ಸಾಲುಗಳಾಗುವುವು. ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯ ಕಂತುಗಳನ್ನು ಕೂಡಿಸಿಕೊಂಡು, ಬಳಿಕ ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ.

ಮೂರನೆಯದು, ಶೂನ್ಯಕ್ಕೂ ಖಾಲಿಗೂ ಇರುವ ಭೇದ. ಪರೀಕ್ಷೆಗೆ ಬಾರದವನ ಅಂಕ ಸೊನ್ನೆಯಲ್ಲ, ಅದು ಖಾಲಿ. ಖಾಲಿಯನ್ನು ಸೊನ್ನೆಯೆಂದು ಬರೆದರೆ ತರಗತಿಯ ಸರಾಸರಿ ಇಳಿಯುತ್ತದೆ.

ನಾಲ್ಕನೆಯದು, ಗಡಿನಾಡಿನವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಒಬ್ಬರು ‘ಮಂಜೇಶ್ವರ’ವೆಂದೂ ಮತ್ತೊಬ್ಬರು ‘ಮಂಜೇಶ್ವರಂ’ ಎಂದೂ ಬರೆದರೆ ಒಂದೇ ಊರು ವರದಿಯಲ್ಲಿ ಎರಡಾಗುತ್ತದೆ. ಊರುಗಳಿಗೆಲ್ಲ ಪ್ರತ್ಯೇಕ ಕೋಷ್ಟಕವಿರಿಸಿ, ಹೆಸರನ್ನು ಟೈಪು ಮಾಡದೆ ಅದರಿಂದಲೇ ಆರಿಸುವಂತೆ ಏರ್ಪಡಿಸಬೇಕು.

ಐದನೆಯದು ಲಿಪಿಯ ತೊಡಕು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಹೆಸರುಗಳನ್ನು ಹಾಗೆಯೇ ತಂದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಮೂಡುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡಿನಲ್ಲಿಯೂ ‘ಳ’ಕಾರದ ಸಂಕೇತಸಂಖ್ಯೆ ‘ಲ’ಕಾರದ ನಂತರವೇ ಬರುವುದರಿಂದ, ಸಂಕೇತಸಂಖ್ಯೆಯ ಪ್ರಕಾರ ವಿಂಗಡಿಸಿದಲ್ಲಿ ‘ತುಳಸಿ’ಯು ‘ತುಷಾರ’ನಿಗಿಂತ ಮುಂದೆ ನಿಲ್ಲುವಳು. ನಮ್ಮ ವರ್ಣಮಾಲೆಯಲ್ಲಾದರೋ ‘ಳ’ ಕೊನೆಯ ಅಕ್ಷರ. ಆದುದರಿಂದ ಕನ್ನಡದ ಅನುಕ್ರಮವನ್ನು ಆರಿಸಿಕೊಳ್ಳಬೇಕು.

ದೋಷ ಕಂಡಾಗ ಇಡೀ ವರದಿಯನ್ನು ಕೆದಕುವುದು ಸಲ್ಲದು. ಮೂಲ ಕೋಷ್ಟಕದ ಸಾಲುಗಳನ್ನು ಎಣಿಸಿರಿ. ಒಂದೊಂದೇ ಕೋಷ್ಟಕವನ್ನು ಜೋಡಿಸುತ್ತ, ಸಂಖ್ಯೆ ಎಲ್ಲಿ ಬದಲಾಯಿತೆಂದು ನೋಡಿರಿ, ದೋಷವಿರುವುದು ಅಲ್ಲಿಯೇ. ಕೊನೆಗೆ ನಾಲ್ಕಾರು ಮಕ್ಕಳ ವಿವರಗಳನ್ನು ಹಾಜರಿ ಪುಸ್ತಕದೊಡನೆ ಕೈಯಾರೆ ತಾಳೆನೋಡಿರಿ.

ಬಾವಿಯಲ್ಲಿದ್ದುದೇ ಕೊಡಕ್ಕೆ ಬರುವುದು. ಕೇಳಿದ ಪ್ರಶ್ನೆಗೆ ಯಂತ್ರವು ತಪ್ಪದೆ ಉತ್ತರ ಕೊಡುತ್ತದೆ. ಪ್ರಶ್ನೆ ಸರಿಯಾಗಿದೆಯೇ ಎಂದು ನೋಡುವ ಹೊಣೆ ಮನುಷ್ಯನದು. ಪಟ್ಟಿಯ ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ಮಗುವಿದೆಯೆಂಬುದನ್ನು ವರದಿಯನ್ನು ಸಿದ್ಧಪಡಿಸುವವರು ಮರೆಯಲಾಗದು.