ಹಲಗಲಿ, 1857: ಲಾವಣಿಯ ಸಾಕ್ಷ್ಯ, ಸರ್ಕಾರಿ ವರದಿ

ಹಲಗಲಿ ಅಂದಿನ ಮುಧೋಳ ಸಂಸ್ಥಾನದ ಹಳ್ಳಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ಅಲ್ಲಿನ ಬೇಡ ಸಮುದಾಯದವರು ಒಪ್ಪಲಿಲ್ಲ. ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಬೇಡರ ಮುಖಂಡರು: ಜಡಗ, ಬಾಲ.

ಆಡಳಿತದ ಕಡತಕ್ಕೆ ಇದು ಅಡಗಿಸಿದ ಒಂದು ದಂಗೆ, ಅಷ್ಟೆ. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿಯಾದರೋ ಸೈನಿಕರು ದೋಚಿದ ಬೆಣ್ಣೆ, ಬೆಲ್ಲ, ಮಂಗಳಸೂತ್ರ, ಬೀಸುಕಲ್ಲನ್ನೂ ಎಣಿಸುತ್ತದೆ. ಯಾವ ವರದಿಗಾರನಿಗೆ ಬೀಸುಕಲ್ಲು ಸುದ್ದಿಯಾದೀತು? ಆದರೂ ಲಾವಣಿಯನ್ನು ಕಣ್ಣಾರೆ ಕಂಡವರ ಹೇಳಿಕೆ ಎಂದು ಬರೆಯಬೇಡಿ. ಅದು ಜನರ ಬಾಯಲ್ಲಿ ಉಳಿದ ನೆನಪು. ಇದನ್ನು ಸಂಗ್ರಹಿಸಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್, ಅವರೂ ಬ್ರಿಟಿಷ್ ಅಧಿಕಾರಿಯೇ!

ಅಧಿಕಾರಿಗಳ ಕೈಯಿಂದಲೇ ಜನರ ದನಿ ಉಳಿದುದಕ್ಕೆ ಇನ್ನೊಂದು ಹೋಲಿಕೆ: ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಿಂದ ಭಾರತೀಯ ಸಿಪಾಯಿಗಳು ಬರೆದ ಪತ್ರಗಳು ಸೆನ್ಸಾರ್ ಆದವು, ಸೆನ್ಸಾರ್ ಅಧಿಕಾರಿಗಳು ಅನುವಾದಿಸಿಟ್ಟ ಭಾಗಗಳೇ ಇಂದು ಇತಿಹಾಸಕಾರರಿಗೆ ಆಕರ.