ನಿಧಿಯ ನಕ್ಷೆ: ಧರ್ಮೋಪದೇಶ ತರಗತಿಯ ಕೈಕೆಲಸ

1842ರಲ್ಲಿ ನಮ್ಮ ಕೊಯಮತ್ತೂರಿನ ವೆಳ್ಳಲೂರಿನಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಯೇಸುಸ್ವಾಮಿಯ ಕಾಲದ ತಿಬೇರಿಯ ಚಕ್ರವರ್ತಿಯ ನಾಣ್ಯಗಳೂ ಅದರಲ್ಲಿದ್ದವು. ಅದಕ್ಕೊಂದು ಹಳೆಯ ನಕ್ಷೆ ಮಾಡೋಣ.

ಬಿಳಿ ಹಾಳೆಯನ್ನು ಮುದುಡಿ ಬಿಡಿಸಿ, ಆರಿದ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸೋಣ. ಸುಕ್ಕುಗಳಲ್ಲಿ ಬಣ್ಣ ಗಾಢವಾಗಿ ನಿಲ್ಲುತ್ತದೆ. ಅಂಚನ್ನು ಕೈಯಿಂದಲೇ ಹರಿಯೋಣ, ಸುಡುವುದು ಬೇಡ. ಪೂರ್ತಿ ಒಣಗಿದ ಮೇಲೆ ಬರೆಯೋಣ, ಇಲ್ಲದಿದ್ದರೆ ಶಾಯಿ ಹರಡುತ್ತದೆ.

ವೆಳ್ಳಿಯಂಗಿರಿ ಬೆಟ್ಟದಿಂದ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನೊಯ್ಯಲ್ ನದಿಯನ್ನು ಎಳೆಯೋಣ. ಊರುಗಳ ಹೆಸರನ್ನು ಅಜ್ಜಿಯನ್ನು ಕೇಳಿ ಕನ್ನಡದಲ್ಲೇ ಬರೆಯೋಣ. ವೆಳ್ಳಲೂರಿಗೆ ಕೆಂಪು ಗುರುತು ಹಾಕೋಣ.

ಈಗ ಸಂತ ಮತ್ತಾಯ 13:44 ಓದೋಣ. ಹೊಲದಲ್ಲಿ ನಿಧಿ ಕಂಡವನು ಇದ್ದದ್ದನ್ನೆಲ್ಲ ಮಾರಿದ್ದು ದುಃಖದಿಂದಲ್ಲ, ಸಂತೋಷದಿಂದ. ಸ್ವರ್ಗಸಾಮ್ರಾಜ್ಯಕ್ಕಾಗಿ ಈ ವಾರ ನಾವು ಸಂತೋಷದಿಂದ ಬಿಡುವುದೇನು? ಕೆಂಪು ಗುರುತಿನ ಪಕ್ಕದಲ್ಲಿ ಅದನ್ನು ಒಂದೇ ಪದದಲ್ಲಿ ಬರೆಯೋಣ.